ನಾಲ್ಕನೇ ಬಾಗಿಲಿನ ಹನ್ನೊಂದು ಉತ್ತರಗಳು

ಮೇಲ್‌ಸಂಡೂರು,
ನಲವತ್ತೊಂದನೇ ಸುತ್ತು, ಐವತ್ತೆರಡನೇ ತಿಂಗಳು, ಆರನೇ ದಿನ

ಹೊಸಪೇಟೆಯ ಶ್ರೀ ಕೊಟ್ರೇಶ ಅವರಿಗೆ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ಹುಬ್ಬೇರಿಸಿದ್ದರೆ ಅದು ನಿಮ್ಮ ತಪ್ಪಲ್ಲ. ನಾವಿರುವುದು ಮಂಗಳಕ್ಕೂ ಗುರುವಿಗೂ ನಡುವೆ ತೇಲುವ ಒಂದು ಕಬ್ಬಿಣದ ಕಲ್ಲಿನ ಒಳಗೆ. ಈ ಕಲ್ಲು ಸೂರ್ಯನಿಗೆ ಒಂದು ಪ್ರದಕ್ಷಿಣೆ ಹಾಕುವಷ್ಟರಲ್ಲಿ ನಿಮ್ಮಲ್ಲಿ ನಾಲ್ಕೂವರೆ ವರ್ಷ ಕಳೆದಿರುತ್ತದೆ. ಅದನ್ನೇ ನಾವು ಸುತ್ತು ಅನ್ನುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಇಸವಿ ಎರಡು ಸಾವಿರದ ಮುನ್ನೂರ ಆರು. ನನಗೆ ಹನ್ನೊಂದು ಸುತ್ತು ತುಂಬಿದೆ, ಅಂದರೆ ಐವತ್ತರ ಹೆಂಗಸು. ನಮ್ಮ ಕನ್ನಡ ನಿಮ್ಮ ಕಿವಿಗೆ ಸೊಟ್ಟಗೆ ಕೇಳಿಸಬಹುದು. ನಿಮ್ಮ ಕಾಲದವರ ಬರವಣಿಗೆ ಓದಿ ಓದಿ ನನಗೆ ರೂಢಿಯಾಗಿದೆ, ಆದ್ದರಿಂದ ಆದಷ್ಟು ನಿಮ್ಮ ಹಾಗೆ ಬರೆಯಲು ನೋಡುತ್ತೇನೆ. ಗೊತ್ತಿಲ್ಲದ ಮಾತು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಹೇಳುವುದು ಮರೆತರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಕಾಗದ ನಿಮ್ಮನ್ನು ತಲುಪುವ ದಾರಿ ಇಲ್ಲವೆಂದು ನನಗೆ ಗೊತ್ತು. ಆದರೂ ನಮ್ಮಲ್ಲಿ ಒಂದು ಪದ್ಧತಿ ಇದೆ. ಸಾವಿರ ಗಂಟೆ ಬಳಸಿದ ವಸ್ತುವನ್ನು ಮಾಡಿದವರಿಗೆ, ಅವರು ಬದುಕಿರಲಿ ಸತ್ತಿರಲಿ, ಒಂದು ಕಾಗದ ಬರೆಯಬೇಕು. ನಿಮ್ಮ ‘ಉಲ್ಕೆಸಂತೆ’ಯನ್ನು ನಾನು ಮೂರು ಸಾವಿರದ ಇನ್ನೂರು ಗಂಟೆ ಆಡಿದ್ದೇನೆ. ಇಷ್ಟು ದಿನ ಬರೆಯದೇ ಇದ್ದದ್ದಕ್ಕೆ ಕಾರಣ ಸಿಟ್ಟು. ಹೋದ ತಿಂಗಳವರೆಗೂ ನಿಮ್ಮ ಹೆಸರು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಟ ನಿಮಗೆ ನೆನಪಿರಲೇಬೇಕು, ಆದರೂ ಹೇಳುತ್ತೇನೆ. ಒಂದು ಪುಟ್ಟ ನೀಲಿ ಹಡಗು. ಒಂದು ನಿಲ್ದಾಣದಲ್ಲಿ ಉಪ್ಪು, ಕಬ್ಬಿಣ, ಔಷಧಿ ಹೇರಿಕೊಂಡು ಇನ್ನೊಂದು ನಿಲ್ದಾಣದಲ್ಲಿ ಮಾರಬೇಕು. ನಡುದಾರಿಯಲ್ಲಿ ದರೋಡೆಕೋರರು ಬಂದರೆ ಗುಂಡು ಹಾರಿಸಬೇಕು. ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ದಾಟುವ ಎಂಟು ಬಾಗಿಲು ಮಾಡುತ್ತೇನೆ ಎಂದಿದ್ದಿರಿ. ಮೂರು ತೆರೆದಿರಿ. ‘ಆಟ ಇನ್ನೂ ಪೂರ್ತಿಯಾಗಿಲ್ಲ, ಆಡಿ ನೋಡಿ ಅಭಿಪ್ರಾಯ ಹೇಳಿ’ ಎಂದು ಬರೆದಿರಿ. ನಾನೂರ ಹನ್ನೆರಡು ಜನ ಹೇಳಿದರು.

ನಮ್ಮ ಹಿರಿಯರು ಈ ಕಲ್ಲಿಗೆ ಬರುವಾಗ ಸಂಡೂರು, ಹೊಸಪೇಟೆ ಕಡೆಯ ಬರಹ ಅಂತ ಸಿಕ್ಕಿದ್ದನ್ನೆಲ್ಲ ಮೂಟೆ ಕಟ್ಟಿಕೊಂಡು ಬಂದರು. ಅದರಲ್ಲಿ ನಿಮ್ಮ ಆಟವೂ ಇತ್ತು, ಜನ ಬರೆದ ಅಭಿಪ್ರಾಯಗಳೂ ಇದ್ದವು. ಆಟ ನಡೆಸುವ ಯಂತ್ರ ಯಾರ ಬಳಿಯೂ ಇರಲಿಲ್ಲ, ಅಭಿಪ್ರಾಯಗಳನ್ನು ಮಾತ್ರ ಓದಲು ಬಂತು. ಓದಿದವರಿಗೆ ಅದು ಆಟ ಅಂತ ಹೊಳೆಯಲಿಲ್ಲ. ನಿಜವಾದ ನೌಕೆ ಓಡಿಸಿದ ಜನ ಯಾವುದೋ ಬಂದರಿನ ಅಧಿಕಾರಿಗೆ ಕೊಟ್ಟ ದೂರುಗಳು ಎಂದುಕೊಂಡರು. ನಗಬೇಡಿ. ಕಲ್ಲುಗಳ ನಡುವೆ ಸರಕು ಸಾಗಿಸುವುದು ಹೇಗೆಂದು ಹೇಳಿಕೊಡುವವರು ಇಲ್ಲಿ ಯಾರೂ ಇರಲಿಲ್ಲ, ಕನ್ನಡದಲ್ಲಿ ಆ ಬಗ್ಗೆ ಇದ್ದ ಓದು ಅಷ್ಟೇ. ‘ಅಕ್ಕಿರೊಟ್ಟಿ77’ ಎನ್ನುವವರು, “ಫುಲ್ ಲೋಡ್ ಹಾಕ್ಕೊಂಡು ತಿರುಗ್ಸಿದ್ರೆ ಹಡಗು ಎಮ್ಮೆ ತರ ಹೊರಳುತ್ತೆ ಗುರು, ಮೊದಲು ಇದನ್ನ ಸರಿ ಮಾಡಿ” ಎಂದು ಬರೆದಿದ್ದರಲ್ಲ, ಅದನ್ನು ಓದಿ ನಮ್ಮವರು ಬಂಡಿಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಸರಕು ಹೇರುವುದನ್ನೇ ಬಿಟ್ಟರು. ಬಂಡಿ ಎಂದರೆ ಕಲ್ಲಿನಿಂದ ಕಲ್ಲಿಗೆ ಓಡಾಡುವ ಸಣ್ಣ ನೌಕೆ. ಎತ್ತು ಎಂದೋ ಹೋದವು, ಹೆಸರು ಉಳಿದಿದೆ.

ಇನ್ನೊಬ್ಬರು, “ಮೂರನೇ ಬಾಗಿಲಲ್ಲಿ ಅರವತ್ಮೂರು ಸಲ ಸತ್ತೆ, ಆದ್ರೂ ಬಿಡಲ್ಲ” ಎಂದು ಬರೆದಿದ್ದರು. ಈ ಮಾತಿನ ಮೇಲೆ ನಮ್ಮ ಹಿರಿಯರು ಬಹಳ ಚರ್ಚೆ ಮಾಡಿದರಂತೆ. ಒಬ್ಬ ಮನುಷ್ಯ ಅಷ್ಟು ಸಲ ಸಾಯಲಾರ, ಅಂದಮೇಲೆ ಸತ್ತವರು ಅರವತ್ತಮೂರು ಮಂದಿ, ಎಲ್ಲರ ಪರವಾಗಿ ಒಬ್ಬ ಬರೆದಿದ್ದಾನೆ ಎಂದು ತೀರ್ಮಾನವಾಯಿತು. ಶಿವಭಕ್ತರಾದ ಪುರಾತನರ ಸಂಖ್ಯೆಯೂ ಅರವತ್ತಮೂರೇ ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಸುತ್ತಿಗೊಂದು ದಿನ ಅವರ ನೆನಪಿಗೆ ಬಂಡಿಗಳನ್ನು ಹೊರಡಿಸದೆ ತಲೆತಗ್ಗಿಸಿ ಕೂರುವುದು ಶುರುವಾಯಿತು. ಚಿಕ್ಕಂದಿನಲ್ಲಿ ನಾನೂ ಕೂತು ಅತ್ತಿದ್ದೇನೆ.

ಇಪ್ಪತ್ತು ವರ್ಷದ ಕೆಳಗೆ ನಿಮ್ಮ ಆಟ ನಡೆಯುವಂಥ ಯಂತ್ರವೊಂದನ್ನು ಜೋಡಿಸಿದವಳು ನಾನೇ. ಊರವರ ಮುಂದೆ ಅದನ್ನು ಇಟ್ಟು, ಮೂರನೇ ಬಾಗಿಲಿಗೆ ಹೋಗಿ, ಗುಂಡು ತಿಂದು ಸತ್ತು, ‘ಮತ್ತೆ ಆಡಿ’ ಎಂಬ ಗುಂಡಿ ಒತ್ತಿ ಬದುಕಿ ಬಂದೆ. ನಾನು ಏನೋ ದೊಡ್ಡದನ್ನು ಒಡೆದುಹಾಕಿದೆ ಅನಿಸಿತು. ಆಗ ಬಂಡಿ ಓಡಿಸುವ ಎರ್ರಿಸ್ವಾಮಿ ಮಾಮ ಎದ್ದು ಬಂದರು. ಪ್ರತಿ ಸಲವೂ ಎಲ್ಲರಿಗಿಂತ ಹೆಚ್ಚು ಹೊತ್ತು ತಲೆತಗ್ಗಿಸಿ ಕೂರುತ್ತಿದ್ದವರು ಅವರು. “ಅಯ್ಯ ಶಿವನ, ಇಷ್ಟ್ ವರ್ಷ ನಾವು ಅತ್ತಿದ್ದು ಇದಕ್ಕಾ? ತಾ ಇಲ್ಲಿ, ನಾನೂ ಒಮ್ಮೆ ಸಾಯ್ತೀನಿ” ಅಂದರು. ಊರಿಗೆ ಊರೇ ನಕ್ಕಿತು. ಆ ದಿನವನ್ನು ಈಗಲೂ ಆಚರಿಸುತ್ತೇವೆ, ಅತ್ತು ಅಲ್ಲ, ಆಡಿ. ಮೆಣಸಿನಕಾಯಿ ಬಜ್ಜಿ ಮಾಡುತ್ತೇವೆ. ಇಲ್ಲಿ ಭಾರ ಕಡಿಮೆ, ಎಣ್ಣೆ ಬಾಣಲೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಗಿರಗಿರ ತಿರುಗುವ ಪೀಪಾಯಿಯಲ್ಲಿ ಕರಿಯುತ್ತೇವೆ.

ಆ ತಪ್ಪು ಓದಿನಿಂದ ಹುಟ್ಟಿದ ಇನ್ನೊಂದು ಪದ್ಧತಿಯೂ ಇದೆ, ಅದನ್ನು ಯಾರೂ ಬಿಡಲಿಲ್ಲ. ಊರ ನಡುವೆ ನಮ್ಮಲ್ಲಿ ಅರೆಪಾಕದ ಕಟ್ಟೆ ಇದೆ. ಯಾರು ಏನೇ ಹೊಸದು ಮಾಡಲಿ, ಅರ್ಧ ಆಗಿರುವಾಗಲೇ ತಂದು ಆ ಕಟ್ಟೆಯ ಮೇಲೆ ಇಡಬೇಕು. ಜನ ಬಳಸಿ ನೋಡಿ ಪಕ್ಕದ ಗೋಡೆಯ ಮೇಲೆ ಅಭಿಪ್ರಾಯ ಬರೆಯುತ್ತಾರೆ, ಹೆಬ್ಬೆರಳು ಮೇಲೆ ಅಥವಾ ಕೆಳಗೆ ಮಾಡುತ್ತಾರೆ. ಹೆಸರಿನ ಪಕ್ಕ ಎಷ್ಟು ಗಂಟೆ ಬಳಸಿದಿರಿ ಎನ್ನುವುದು ಇರಲೇಬೇಕು, ನಿಮ್ಮ ನಾನೂರ ಹನ್ನೆರಡು ಜನರ ಹೆಸರಿನ ಪಕ್ಕ ಇದ್ದ ಹಾಗೆ. ನೀರು ಸೋಸುವ ಜರಡಿ, ದೀಪದ ಕೆಳಗೆ ಬೆಳೆಯುವ ಹೊಸ ತಳಿಯ ಜೋಳ, ಮೊಣಕಾಲಿಗೆ ಕಟ್ಟುವ ಪಟ್ಟಿ, ಎಲ್ಲವೂ ಈ ಕಟ್ಟೆ ದಾಟಿಯೇ ಮನೆಗಳಿಗೆ ಹೋಗಿವೆ. ಬಜ್ಜಿಯ ಪೀಪಾಯಿ ಮೊದಲು ಬಂದಾಗ ಒಬ್ಬಾಕೆ, “ನಲವತ್ತು ಗಂಟಿ ತಿಂದೀನಿ, ನಡುವ ಇನ್ನೂ ಹಸೀನ ಐತಿ” ಎಂದು ಬರೆದಿದ್ದಳು.

ಇಷ್ಟು ಉಪಕಾರ ಮಾಡಿದ ನಿಮ್ಮ ಮೇಲೆ ಸಿಟ್ಟು ಯಾಕೆ ಎಂದರೆ, ನಾನು ಆ ಅಭಿಪ್ರಾಯಗಳನ್ನು ಒಂದೂ ಬಿಡದೆ ಓದಿದವಳು. ಆ ಜನ ಒಳ್ಳೆಯವರು, ಕೊಟ್ರೇಶ ಅವರೇ. ಇಪ್ಪತ್ತು ನಿಮಿಷ ಆಡಿ “ಟೈಮ್ ವೇಸ್ಟ್” ಎಂದು ಹೋದವರು ಇದ್ದಾರೆ, ಎಲ್ಲಿ ಇರುವುದಿಲ್ಲ? ಹೆಚ್ಚಿನವರು ಹಾಗಲ್ಲ. ಗುಂಡು ಶತ್ರುವಿನ ಹಡಗನ್ನು ತೂರಿಕೊಂಡು ಆಚೆ ಹೋಗುತ್ತದೆ ಎಂದು ದೂರಿ, ಅದೇ ಉಸಿರಿನಲ್ಲಿ “ಆದ್ರೂ ಬ್ರೋ, ನಿಲ್ದಾಣದ ದೀಪ ದೂರದಿಂದ ಕಾಣೋ ಆ ಕ್ಷಣ ಇದ್ಯಲ್ಲ, ಅದಕ್ಕೋಸ್ಕರ ಆಡ್ತಿದೀನಿ” ಅನ್ನುತ್ತಾರೆ. ಯುದ್ಧ ಕೆಟ್ಟದಾಗಿದೆ, ವ್ಯಾಪಾರ ಚೆನ್ನಾಗಿದೆ ಎಂದು ಒಬ್ಬರು ಬರೆದರೆ, ವ್ಯಾಪಾರ ಬೇಜಾರು, ಯುದ್ಧವೇ ಮಜಾ ಎಂದು ಕೆಳಗೇ ಇನ್ನೊಬ್ಬರು. ಇವರ ಮಾತು ಕೇಳಿ ಯಾರು ತಾನೇ ಏನು ಮಾಡಲು ಸಾಧ್ಯ! ಆದರೂ ಎಲ್ಲರಿಗೂ ನಿಮ್ಮ ಆಟ ಪೂರ್ತಿಯಾಗಲಿ ಎಂಬ ಆಸೆ ಇತ್ತು. ಮೊದಲೆರಡು ವರ್ಷ ನೀವೂ ಒಬ್ಬೊಬ್ಬರಿಗೂ ಉತ್ತರ ಬರೆದಿರಿ.

ಆಮೇಲೆ ‘ಲಾರಿಮಗಳು’ ಬರೆದಳು. ಅವಳ ನಿಜವಾದ ಹೆಸರು ನಮಗೆ ಗೊತ್ತಿಲ್ಲ. ಆಡಿದ್ದು ಸಾವಿರದ ನೂರ ನಲವತ್ತು ಗಂಟೆ, ಹೆಬ್ಬೆರಳು ಮೇಲೆ. ಅವಳ ಮಾತು ನನಗೆ ಬಾಯಿಪಾಠವಾಗಿದೆ: “ಈ ಗಂಟೆ ನನ್ನದಲ್ಲ, ನಮ್ಮಪ್ಪಂದು. ಅಪ್ಪ ಮೂವತ್ತು ವರ್ಷ ಲಾರಿ ಓಡಿಸಿದೋರು. ಆಕ್ಸಿಡೆಂಟಲ್ಲಿ ಎಡಗಾಲು ಹೋಯ್ತು. ಈಗ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಊದುಬತ್ತಿ ಹಚ್ಚಿ, ನಿಮ್ಮ ಹಡಗು ಹತ್ತುತ್ತಾರೆ. ಉಪ್ಪು ತುಂಬ್ಕೊಂಡು ಮೂರನೇ ಬಾಗಿಲ ತನಕ ಹೋಗಿ ವಾಪಸ್ ಬರ್ತಾರೆ. ಹಾರ್ನ್ ಇಲ್ಲ ಅಂತ ಬೇಜಾರು. ನಾಲ್ಕನೇ ಬಾಗಿಲು ಯಾವಾಗ ತೆರೆಯುತ್ತೆ ಕೇಳು, ಅಲ್ಲಿ ತನಕ ನಾನು ಬೇರೆ ಏನೂ ನೋಡಲ್ಲ ಅಂತಾರೆ. ಏನ್ ಹೇಳ್ಲಿ ಸರ್?”

ಮುಂದಿನ ಅಪ್‌ಡೇಟಿನಲ್ಲಿ ಹಡಗಿಗೆ ಹಾರ್ನ್ ಬಂತು. ಗಾಳಿಯೇ ಇಲ್ಲದ ಕಡೆ ಪೋಂ ಎನ್ನುವ ಲಾರಿ ಹಾರ್ನ್! ಅದನ್ನು ಕೇಳಿದಾಗಲೆಲ್ಲ ನಿಮ್ಮ ಮೇಲೆ ಪ್ರೀತಿ ಬರುತ್ತಿತ್ತು. ಆದರೆ ಅವಳ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ. ಅಲ್ಲಿಂದ ಮುಂದೆ ಯಾರಿಗೂ ಕೊಡಲಿಲ್ಲ. ಐದು ತಿಂಗಳಾದ ಮೇಲೆ ಅವಳು ತನ್ನ ಅಭಿಪ್ರಾಯ ಅಳಿಸಿ ಹೆಬ್ಬೆರಳು ಕೆಳಗೆ ಮಾಡಿದಳು. ಅಲ್ಲಿ ಈಗ ಇರುವುದು ಇಷ್ಟೇ: “ಇವತ್ತೂ ಕೇಳಿದ್ರು.” ಹಳೆಯ ಮಾತನ್ನು ನಮ್ಮ ಹಿರಿಯರ ಮೂಟೆಯಲ್ಲಿದ್ದ ಇನ್ನೊಂದು ಪ್ರತಿಯಿಂದ ಓದಿಕೊಂಡಿದ್ದೇವೆ. ಒಂದು ಸಾಲು ಬರೆಯಲು ಈ ಮನುಷ್ಯನಿಗೆ ಏನು ಧಾಡಿಯಾಗಿತ್ತು ಎಂದು ನಾನು ಇಪ್ಪತ್ತು ವರ್ಷ ಬೈದಿದ್ದೇನೆ.

ಈಗ ನನ್ನ ವಿಷಯ ಹೇಳಬೇಕು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನಮ್ಮ ಪಕ್ಕದ ಊರು ಹೊಸ ದೋಣಿಮಲೆ, ಅದೂ ಒಂದು ಕಲ್ಲು. ಬಂಡಿಯಲ್ಲಿ ಒಂಬತ್ತು ದಿನದ ದಾರಿ ಇತ್ತು. ನಾಲ್ಕು ವರ್ಷದ ಹಿಂದೆ ನಡುವಿನಲ್ಲಿ ಎರಡು ದೊಡ್ಡ ಕಲ್ಲುಗಳು ಡಿಕ್ಕಿ ಹೊಡೆದು ಪುಡಿಯಾದವು, ದಾರಿ ತುಂಬ ಚೂರುಗಳು ಹರಡಿಕೊಂಡವು. ಮಾತು ಹೋಗುತ್ತದೆ ಬರುತ್ತದೆ, ಮನುಷ್ಯರು ಹೋಗಲಾರರು. ಚೂರುಗಳನ್ನು ಬಳಸಿಕೊಂಡು ಹೋಗುವ ಸುತ್ತುದಾರಿ ಹದಿನಾಲ್ಕು ತಿಂಗಳದ್ದು. ಬಂಡಿಗಳಿಗೆ ದಾರಿ ತೋರಿಸುವ ಲೆಕ್ಕದ ಯಂತ್ರ ಮಾಡುವುದು ನನ್ನ ಕೆಲಸ, ಅದಕ್ಕೆ ದಾರಿಗಣ್ಣು ಎನ್ನುತ್ತೇವೆ. ಬೇರೆ ಮೂರು ದಾರಿಗಳಿಗೆ ನಾನು ಮಾಡಿದ ದಾರಿಗಣ್ಣು ಚೆನ್ನಾಗಿ ನಡೆಯುತ್ತಿತ್ತು. ದೋಣಿಮಲೆಯದು ನಾಲ್ಕನೆಯದು, ಒಂದು ವರ್ಷದಲ್ಲಿ ಮಾಡಿಕೊಡುತ್ತೇನೆ ಎಂದು ಕಟ್ಟೆಯ ಮೇಲೆ ನಿಂತು ಹೇಳಿದೆ. ಆಗುವುದು ಎಂದೇ ನಂಬಿದ್ದೆ.

ಎರ್ರಿಸ್ವಾಮಿ ಮಾಮನ ತಂಗಿ ತಾಯಮ್ಮ ಇರುವುದು ಆ ಊರಿನಲ್ಲಿ. ಇವರಿಗೆ ಈಗ ಎಪ್ಪತ್ತನಾಲ್ಕು, ಆಕೆಗೆ ಎಪ್ಪತ್ತು. ಗಣಿಯಲ್ಲಿ ದುಡಿದು ಎದೆಯೊಳಗೆ ಕಬ್ಬಿಣದ ಧೂಳು ಕೂತು ಆಕೆಗೆ ಉಬ್ಬಸ ಹತ್ತಿದೆ. ಅಪ್ಪ ಅಮ್ಮ ಬೇಗ ಹೋದ ಮೇಲೆ ಈ ಅಣ್ಣನೇ ಆಕೆಯ ಜಡೆ ಹೆಣೆದು ಬೆಳೆಸಿದ್ದು. ತಿಂಗಳಿಗೊಮ್ಮೆ ಮಾಮ ಕಟ್ಟೆಯ ಗೋಡೆಯ ಮೇಲೆ ಬರೆಯುತ್ತಿದ್ದರು: “ಎರ್ರಿಸ್ವಾಮಿ, ಎರಡು ಸಾವಿರದ ನೂರು ಗಂಟಿ. ಮೂರೂ ದಾರಿ ಚಲೋ ಅದಾವು. ನಾಲ್ಕನೇದು ಯಾವಾಗವ್ವಾ?” ಪ್ರತಿ ಸಲವೂ ಹೆಬ್ಬೆರಳು ಮೇಲೆ.

ನನ್ನ ಕೈಲಿ ಆಗುವುದಿಲ್ಲವೆಂದು ಒಂದೂವರೆ ವರ್ಷದ ಹಿಂದೆಯೇ ನನಗೆ ಗೊತ್ತಾಯಿತು. ಚೂರುಗಳು ಒಂದಕ್ಕೊಂದು ತಾಗಿ ದಿಕ್ಕು ಬದಲಿಸುತ್ತಲೇ ಇರುತ್ತವೆ. ನನ್ನ ಲೆಕ್ಕ ಒಂದು ಗಂಟೆ ಮುಂದಕ್ಕೆ ಸರಿ ಬರುತ್ತದೆ, ಒಂದು ದಿನ ಮುಂದಕ್ಕೆ ಸುಳ್ಳಾಗುತ್ತದೆ. ಒಂಬತ್ತು ದಿನದ ದಾರಿಗೆ ಅದು ಯಾವ ಮೂಲೆಗೆ? ಆದರೆ ಗೋಡೆಯ ಮೇಲೆ ನನಗೆ ನೂರ ಎಂಟು ಅಭಿಪ್ರಾಯ ಬಂದಿದ್ದವು, ಅದರಲ್ಲಿ ನೂರ ಆರು ಹೆಬ್ಬೆರಳು ಮೇಲಿದ್ದವು. ಅಷ್ಟು ಹೆಬ್ಬೆರಳಿನ ಮುಂದೆ ನಿಂತು ಆಗುವುದಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಇನ್ನೊಂದು ತಿಂಗಳು ನೋಡೋಣ, ಇನ್ನೊಂದು ತಿಂಗಳು ನೋಡೋಣ ಎಂದೇ ದೂಡಿದೆ. ಕಟ್ಟೆಯ ಕಡೆ ಹೋಗುವುದು ಬಿಟ್ಟು ಹಿಂದಿನ ಸುರಂಗದಿಂದ ನೀರು ತರುತ್ತಿದ್ದೆ. ಮಾಮ ಎದುರು ಸಿಕ್ಕರೆ ಕೆಲಸ ಇರುವವಳ ಹಾಗೆ ಬೇಗ ಬೇಗ ನಡೆಯುತ್ತಿದ್ದೆ.

ಬೇರೇನೂ ತೋಚದೆ ಹೋದ ತಿಂಗಳು ನಿಮ್ಮ ಆಟದ ಒಡಲು ಬಿಚ್ಚಿ ಒಳಗಿನ ಬರಹ ಓದಿದೆ. ನಾಲ್ಕನೇ ಬಾಗಿಲಿಗೆ ಅಂತ ನೀವು ಅರ್ಧ ಬರೆದಿಟ್ಟ ಭಾಗ ಒಳಗೇ ಮುಚ್ಚಿಕೊಂಡಿತ್ತು. ಕಲ್ಲುಗಳ ನಡುವೆ ಹಡಗು ನುಗ್ಗಿಸುವ ಏನಾದರೂ ಉಪಾಯ ಅಲ್ಲಿ ಸಿಗಬಹುದು, ಕದಿಯೋಣ ಅಂದುಕೊಂಡೆ. ಉಪಾಯ ಸಿಗಲಿಲ್ಲ. ನಿಮಗೆ ನೀವೇ ಬರೆದುಕೊಂಡ ಟಿಪ್ಪಣಿಗಳು ಸಿಕ್ಕವು. “ಅಂಗಡಿಗೆ ಹೊತ್ತಾತು, ಸಂಜಿಗೆ ನೋಡಬೇಕು.” “ಮೂರು ಮೊಬೈಲ್ ರಿಪೇರಿ ಬಾಕಿ, ಇದು ನಾಳೆ.” “ಇದು ಯಾಕ ಹಿಂಗ ಆಗ್ತೈತಿ ತಿಳೀವಲ್ದು.” ನಾನು ಬೈಯುತ್ತಿದ್ದ ಆ ದೊಡ್ಡ ಮನುಷ್ಯ ಹಗಲೆಲ್ಲ ಮೊಬೈಲ್ ರಿಪೇರಿ ಮಾಡಿ ಸಂಜೆ ಒಬ್ಬನೇ ಕೂತು ಎಂಟು ಲೋಕ ಕಟ್ಟಲು ಹೊರಟವನು ಎಂದು ನನಗೆ ಆಗ ತಿಳಿಯಿತು.

ಅದರ ಕೆಳಗೆ ಲಾರಿಮಗಳಿಗೆ ನೀವು ಬರೆದ ಉತ್ತರಗಳಿದ್ದವು. ಹನ್ನೊಂದು. ಒಂದನ್ನೂ ಕಳಿಸಿರಲಿಲ್ಲ. ಮೊದಲನೆಯದರಲ್ಲಿ “ಮುಂದಿನ ತಿಂಗಳು ಖಂಡಿತ” ಎಂದಿತ್ತು. ಮೂರನೆಯದು ಎರಡು ಪುಟ, ಬಾಗಿಲು ಯಾಕೆ ತೆರೆಯುತ್ತಿಲ್ಲ ಎಂಬ ವಿವರಣೆ. ಐದನೆಯದರಲ್ಲಿ ನಿಮ್ಮ ಕಷ್ಟವೆಲ್ಲ ಹೇಳಿಕೊಂಡು ಅರ್ಧಕ್ಕೆ ಬಿಟ್ಟಿದ್ದಿರಿ. ಏಳನೆಯದು ಒಂದೇ ಸಾಲು: “ಅಕ್ಕಾರ, ನಾಲ್ಕನೇ ಬಾಗಿಲು ನನ್ನ ಕೈಲಿ ಆಗಂಗಿಲ್ಲ. ಅಪ್ಪಾರಿಗೆ ಹೇಳಿಬಿಡ್ರಿ. ತಪ್ಪಾತು.” ಅಲ್ಲಿಂದ ಮುಂದಿನವೆಲ್ಲ ಆ ಏಳನೆಯದನ್ನೇ ಮೆತ್ತಗೆ ಮಾಡಲು ನೋಡಿ ಕೆಡಿಸಿದವು. ಓದಿ ಮುಗಿಸುವಷ್ಟರಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ನಿಮಗಾಗಿ ಅತ್ತೆನೋ ನನಗಾಗಿ ಅತ್ತೆನೋ ಗೊತ್ತಿಲ್ಲ.

ಕಣ್ಣೊರೆಸಿಕೊಂಡು ನೇರ ಮಾಮನ ಮನೆಗೆ ಹೋದೆ. ಬಂಡಿಯ ಕುರ್ಚಿಯ ಹರಿದ ಹೊದಿಕೆ ಹೊಲಿಯುತ್ತಾ ಕೂತಿದ್ದರು. ನಿಂತಲ್ಲೇ ಹೇಳಿದೆ: “ಮಾಮ, ನಾಲ್ಕನೇ ದಾರಿ ನನ್ನ ಕೈಲಿ ಆಗಂಗಿಲ್ಲ.” ಅವರು ಸೂಜಿ ನಿಲ್ಲಿಸಿ, “ಯಾವಾಗ ಗೊತ್ತಾತವ್ವಾ?” ಎಂದರು. ಸುಳ್ಳು ಹೇಳಬಹುದಿತ್ತು. “ಒಂದೂವರೆ ವರ್ಷ ಆತು” ಅಂದೆ. ಅವರು ಬೆರಳು ಮಡಚಿ ಎಣಿಸಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. “ಹದಿನೆಂಟು ತಿಂಗಳು. ಸುತ್ತುದಾರಿ ಹದಿನಾಲ್ಕು. ನಾಳಿ ಆದೀತು, ನಾಳಿ ಆದೀತು ಅಂತ ನಾ ಇಲ್ಲೇ ಕುಂತೆ. ಅವತ್ತ ಹೇಳಿದ್ದಿ ಅಂದ್ರ, ಇಷ್ಟೊತ್ತಿಗೆ ನಾಲ್ಕು ತಿಂಗಳಿಂದ ಅಕಿ ಕೈಯಾಗಿನ ರೊಟ್ಟಿ ತಿಂತಿದ್ನಲ್ಲವ್ವಾ” ಅಂದರು.

ಕೊಟ್ರೇಶ ಅವರೇ, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕೆಲಸ ಮುಗಿಸದೇ ಇರುವುದೇ ನನ್ನ ತಪ್ಪು ಎಂದುಕೊಂಡು ಅದನ್ನು ಮುಚ್ಚಿಟ್ಟಿದ್ದೆ. ಅವರು ಅದಕ್ಕೆ ಒಂದು ಮಾತೂ ಆಡಲಿಲ್ಲ. ಅವರಿಗೆ ಇನ್ನೊಂದು ದಾರಿ ಇತ್ತು, ಉದ್ದದ್ದು, ಆದರೆ ಇತ್ತು. ನನ್ನ ಮಾತಿಗೆ ಕಾದು ಅದನ್ನು ಹಿಡಿಯದೆ ಕೂತಿದ್ದರು.

ಒಂಬತ್ತು ದಿನದಲ್ಲಿ ಮಾಮ ಬಂಡಿ ಸಿದ್ಧ ಮಾಡಿಕೊಂಡು ಹೊರಟರು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಸುತ್ತುದಾರಿಯಲ್ಲಿ, ಒಬ್ಬರೇ. ಜೊತೆಗೆ ಬರುತ್ತೇನೆ ಎಂದೆ, ಬೇಡ ಅಂದರು. ಹೋಗುವ ಮುಂಚೆ ಗೋಡೆಯ ಮೇಲೆ ಬರೆದು ಹೋದರು: “ಮೂರೂ ದಾರಿ ಚಲೋ ಅದಾವು. ಹೇಳಾಕ ತಡ ಮಾಡಿದಳು.” ಹೆಬ್ಬೆರಳು ಕೆಳಗೆ. ಅದು ನ್ಯಾಯವಾದದ್ದೇ. ದಿನವೂ ಕಟ್ಟೆಗೆ ಹೋಗಿ ಅದರ ಎದುರು ನಿಂತು ಬರುತ್ತೇನೆ.

ಅಣ್ಣ ಹೊರಟ ಸುದ್ದಿಯನ್ನು ತಾಯಮ್ಮನಿಗೆ ನಾನೇ ತಿಳಿಸಿದೆ, ತಡವಾದದ್ದು ಯಾಕೆಂಬುದನ್ನೂ ಬಿಡದೆ ಹೇಳಿದೆ. ಉಬ್ಬಸದ ನಡುವೆ ಆಕೆ ಹೇಳಿ ಕಳಿಸಿದ ಉತ್ತರ ಇದು: “ಹೊಂಟಾನಂತಾ? ಖರೇನಾ? ಹದಿನಾಲ್ಕು ತಿಂಗಳಲ್ಲವಾ, ಕಾಯ್ತೀನಿ ಬಿಡು. ಇಷ್ಟ್ ದಿನ ಯಾವುದಕ್ಕ ಕಾಯಾಕತ್ತೀನಿ ಅಂತನ ಗೊತ್ತಿರಲಿಲ್ಲ.” ಆಕೆಯ ವೈದ್ಯರು ಹತ್ತು ತಿಂಗಳು ಎಂದಿದ್ದಾರೆ. ಅದನ್ನು ಆಕೆ ಅಣ್ಣನಿಗೆ ಹೇಳಬೇಡ ಅಂದಿದ್ದಳು. ನಾನು ಹೇಳಿಬಿಟ್ಟಿದ್ದೇನೆ. ಮಾಮ ದಾರಿಯಿಂದಲೇ, “ವೈದ್ಯರಿಗೇನು ಗೊತ್ತು, ನಾ ಜೋರು ಓಡಿಸ್ತೀನಿ” ಎಂದು ಉತ್ತರ ಕಳಿಸಿದ್ದಾರೆ. ಅವರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಏನಾಗಿರುತ್ತದೋ ನನಗೆ ತಿಳಿಯದು.

ಅದಕ್ಕೇ ಈ ಕಾಗದ. ನಿಮ್ಮ ಆಟ ಪೂರ್ತಿಯಾಗಬೇಕಾಗಿಲ್ಲ. ಮೂರು ಬಾಗಿಲಿನಲ್ಲೇ ನಮ್ಮ ಊರು ಇಷ್ಟು ವರ್ಷ ಅತ್ತಿದೆ, ನಕ್ಕಿದೆ, ಬಂಡಿ ಓಡಿಸುವುದು ಕಲಿತಿದೆ. ನಿಮ್ಮ ಕೈಲಿ ಆದದ್ದನ್ನು ನೀವು ಮಾಡಿದ್ದೀರಿ, ಚೆನ್ನಾಗಿಯೇ ಮಾಡಿದ್ದೀರಿ. ಅಂಗಡಿ ಮುಚ್ಚಿದ ಮೇಲೆ ಇನ್ನು ಆ ಬಾಗಿಲಿನ ಮುಂದೆ ತಲೆ ಚಚ್ಚಿಕೊಳ್ಳಬೇಡಿ, ಹೋಗಿ ಊಟ ಮಾಡಿ ಮಲಗಿ. ನಾನು ಕೇಳುವುದು ಆ ಏಳನೇ ಉತ್ತರವನ್ನು. ಅದನ್ನು ತಿದ್ದಬೇಡಿ, ಮೆತ್ತಗೆ ಮಾಡಬೇಡಿ. ನೀವು ಹೇಳಿದ ಮೇಲೆ ಆ ಹುಡುಗಿಯ ಅಪ್ಪ ಕೃತಕ ಕಾಲು ಹಾಕಿಸಿಕೊಂಡು ಎದ್ದು ಓಡಾಡಬಹುದು, ಲಾರಿ ಆಫೀಸಿನಲ್ಲಿ ಕೂತು ಹುಡುಗರಿಗೆ ದಾರಿ ಹೇಳಿಕೊಡಬಹುದು, ಅಥವಾ ಬೇಜಾರಾಗಿ ನಿಮ್ಮನ್ನು ಬೈದು ಮತ್ತೆ ಉಪ್ಪು ತುಂಬಿಕೊಂಡು ಮೂರನೇ ಬಾಗಿಲಿಗೇ ಹೊರಡಬಹುದು. ಏನು ಮಾಡಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ನಿಮ್ಮಿಂದ ಒಂದು ಮಾತು ಬರುವವರೆಗೆ ಅವರು ಬೇರೆ ಏನನ್ನೂ ನೋಡುವುದಿಲ್ಲ ಎಂದಿದ್ದಾರೆ.

ನಾನು ಇದನ್ನು ಬರೆಯುವ ಹೊತ್ತಿಗೆ ಅವರೆಲ್ಲ ಹೋಗಿ ಶತಮಾನಗಳಾಗಿವೆ. ನಿಮ್ಮ ಕಡೆ ಹಾಗಲ್ಲ. ನಿಮ್ಮ ಕಡೆ ಇನ್ನೂ ಬೆಳಿಗ್ಗೆ, ಅವರು ಸ್ನಾನ ಮುಗಿಸಿ ಪರದೆಯ ಮುಂದೆ ಬಂದು ಕೂತಿದ್ದಾರೆ, ಮಗಳು ಪಕ್ಕದಲ್ಲಿದ್ದಾಳೆ, ಇನ್ನೇನು ಕೇಳುತ್ತಾರೆ. ಅವರು ಕೇಳುವ ಮುಂಚೆ ಕಳಿಸಿಬಿಡಿ.

ಇಂತಿ ನಿಮ್ಮ,
ಹುಲಿಗೆಮ್ಮ